ಅರ್ಧ ಕೆಂಪು, ಅರ್ಧ ನೀಲಿ ಮುಖ ಬರೆದರೆ ಸಾಕೇ?

ಪ್ರಶ್ನೆ: ಪ್ರೀತಿ, ಸಿಟ್ಟು ಎರಡೂ ಇರುವ ಮನಸ್ಸನ್ನು ಒಂದೇ ಚಿತ್ರದಲ್ಲಿ ತರಬೇಕು. ಮುಖದ ಅರ್ಧಕ್ಕೆ ಕೆಂಪು, ಇನ್ನರ್ಧಕ್ಕೆ ನೀಲಿ ಹಚ್ಚಿದರೆ ಆಗುತ್ತದೆಯೇ? ಯಾವ ಭಾವಕ್ಕೆ ಯಾವ ಬಣ್ಣ, ಪಟ್ಟಿ ಕೊಡಿ.

ಉತ್ತರ: ಪಟ್ಟಿ ಕೊಡುವುದಿಲ್ಲ. ಎಷ್ಟು ಸಲ ಹೇಳಿದರೂ ಇದೇ ಬೇಡಿಕೆ ಬರುವುದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಭಾವಕ್ಕೊಂದು ಬಣ್ಣ ಎನ್ನುವವರು ಭರತನ ನಾಟ್ಯಶಾಸ್ತ್ರವನ್ನು ಮುಂದೆ ಹಿಡಿಯುತ್ತಾರೆ. ಸರಿ, ಅದನ್ನೇ ನೋಡೋಣ. ಅಲ್ಲಿ ರೌದ್ರಕ್ಕೆ, ಅಂದರೆ ಸಿಟ್ಟಿಗೆ, ಕೆಂಪು; ಕರುಣಕ್ಕೆ ಪಾರಿವಾಳದ ಬೂದು; ಶೃಂಗಾರಕ್ಕೆ, ಅಂದರೆ ಪ್ರೀತಿಗೆ, ಶ್ಯಾಮ. ಇವತ್ತಿನ ಪಟ್ಟಿಗಳಲ್ಲೋ ಪ್ರೀತಿಯೇ ಕೆಂಪು! ಭರತನದು ರಂಗದ ಸಂಕೇತ. ನಿಮ್ಮ ಕ್ಯಾನ್ವಾಸಿನ ಮುಂದೆ ನಿಲ್ಲುವವರಿಗೆ ಅದು ಗೊತ್ತಿರಬೇಕೆಂದೇನಿಲ್ಲ. ಬಣ್ಣಕ್ಕೆ ಅರ್ಥ ಬರುವುದು ಅದು ಯಾವುದರ ಮೇಲಿದೆ, ಯಾವುದರ ಪಕ್ಕದಲ್ಲಿದೆ ಎಂಬುದರಿಂದ.

ಮೆಕ್ಸಿಕೋದ ಫ್ರೀಡಾ ಕಾಲೋ 1939ರಲ್ಲಿ, ಡಿಯೆಗೋ ರಿವೇರಾ ಜೊತೆಗಿನ ವಿಚ್ಛೇದನದ ವರ್ಷ, ಬರೆದ ‘ಇಬ್ಬರು ಫ್ರೀಡಾಗಳು’ ಚಿತ್ರವನ್ನು ನಿಧಾನವಾಗಿ ನೋಡಿ. ಸುಮಾರು 173 ಸೆಂಟಿಮೀಟರ್ ಚೌಕದ ಕ್ಯಾನ್ವಾಸ್. ಕೈ ಹಿಡಿದು ಕೂತ ಇಬ್ಬರ ಮುಖದಲ್ಲೂ ನಗುವಿಲ್ಲ, ಅಳುವಿಲ್ಲ. ಮೆಕ್ಸಿಕೋದ ಸಾಂಪ್ರದಾಯಿಕ ತೆವಾನಾ ಉಡುಪಿನವಳ ಕೈಯಲ್ಲಿ ಡಿಯೆಗೋನ ಪುಟ್ಟ ಭಾವಚಿತ್ರ. ಅಲ್ಲಿಂದ ಹೊರಟ ರಕ್ತನಾಳ ಅವಳ ಹೃದಯ ಹಾದು, ಬಿಳಿ ಗೌನಿನವಳ ಸೀಳಿದ ಹೃದಯಕ್ಕೆ ಹೋಗುತ್ತದೆ. ಅದರ ತುದಿಯನ್ನು ಅವಳು ಶಸ್ತ್ರಚಿಕಿತ್ಸೆಯ ಇಕ್ಕಳದಿಂದ ಅದುಮಿ ಹಿಡಿದಿದ್ದಾಳೆ. ಆದರೂ ರಕ್ತ ಮಡಿಲಿಗೆ ತೊಟ್ಟಿಕ್ಕುತ್ತಿದೆ. ಗೌನಿನ ಅಂಚಿನಲ್ಲಿ ಸಣ್ಣ ಕೆಂಪು ಹೂಗಳಿವೆ; ಹೂ ಯಾವುದು, ರಕ್ತದ ಕಲೆ ಯಾವುದು ಎಂದು ಕಣ್ಣು ತಡವರಿಸುತ್ತದೆ. ಒಂದೇ ಕೆಂಪು, ಅಲಂಕಾರವೂ ಹೌದು, ಗಾಯವೂ ಹೌದು. ಇದನ್ನು ಯಾವ ಪಟ್ಟಿಯಲ್ಲಿ ಹಾಕುತ್ತೀರಿ?

ಅರ್ಧರ್ಧ ಮುಖ ಕೆಡುವುದೂ ಇಲ್ಲೇ. ಮೂಗಿನ ಮೇಲೆ ಬರುವ ಗಡಿಗೆರೆಗೇ ಕಣ್ಣು ಹೋಗುತ್ತದೆ, ಮುಖ ಮುಖವಾಡವಾಗುತ್ತದೆ. ಎರಡು ಭಾವ ಅಕ್ಕಪಕ್ಕ ಕೂರುತ್ತವೆ, ಒಂದರೊಳಗೊಂದು ಹೋಗುವುದಿಲ್ಲ.

ಮಾಡಬೇಕಾದ್ದು ಇಷ್ಟು. ಮುಖವನ್ನು ಶಾಂತವಾಗಿಡಿ. ಒಂದು ಭಾವವನ್ನು ಒಂದು ಕೈಗೆ, ಅದರ ವಿರುದ್ಧದ್ದನ್ನು ಇನ್ನೊಂದು ಕೈಗೆ ಕೊಡಿ. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಎಂದುಕೊಳ್ಳಿ: ಬಲಗೈ ಮಡಿಲಕ್ಕಿ ಹಾಕುತ್ತಿದೆ, ಎಡಗೈ ಮಗಳ ಸೆರಗನ್ನು ಬಿಗಿಹಿಡಿದಿದೆ. ಬಿಗಿ ಕಾಣುವುದು ಬೆರಳ ಗೆಣ್ಣಿನಲ್ಲಿ. ಬರ್ನ್ಟ್ ಅಂಬರ್ (ಕಡುಕಂದು), ಯೆಲ್ಲೋ ಓಕರ್ (ಮಣ್ಣುಹಳದಿ) ಬೆರೆಸಿದ ಮೈಬಣ್ಣಕ್ಕೆ ಗೆಣ್ಣಿನ ಮೇಲೆ ಮಾತ್ರ ಚೂರು ಬಿಳಿ ಸೇರಿಸಿ. ಹೆಚ್ಚಾದರೆ ಸುಣ್ಣ ಬಳಿದಂತಾಗುತ್ತದೆ. ಸೆರಗಿನ ನೆರಿಗೆಗಳೆಲ್ಲ ಆ ಮುಷ್ಟಿಯತ್ತ ಎಳೆದಿರಬೇಕು. ಕ್ಯಾನ್ವಾಸ್ ಮುಟ್ಟುವ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಸ್ಕೆಚ್ ಎಂಟು ಹತ್ತಾದರೂ ಮಾಡಿ, ಬರೀ ಕಪ್ಪು ಬಿಳುಪಿನಲ್ಲಿ. ಎರಡು ಕೈಗಳ ವಿರೋಧ ಅಲ್ಲಿ ಕಾಣದಿದ್ದರೆ ಬಣ್ಣ ಅದನ್ನು ತಂದುಕೊಡುವುದಿಲ್ಲ. ಪಂಜರ, ಮುಳ್ಳು, ಒಡೆದ ಕನ್ನಡಿ ಎಲ್ಲವನ್ನೂ ತುರುಕಬೇಡಿ. ಸಂಕೇತ ಎರಡು, ಹೆಚ್ಚೆಂದರೆ ಮೂರು.

ನೀವು ಕೇಳಲಿಲ್ಲ, ಆದರೂ ಚಿತ್ರದ ಹೆಸರಿನ ವಿಷಯ ಹೇಳಲೇಬೇಕು. ಪುರುಷನ ಕುತ್ತಿಗೆಗೆ ಬಾಗಿದ ಕೆಂಗೂದಲ ಹೆಣ್ಣಿನ ಚಿತ್ರವನ್ನು ಅದನ್ನು ಬರೆದ ನಾರ್ವೆಯ ಎಡ್ವರ್ಡ್ ಮುಂಕ್ ‘ಪ್ರೀತಿ ಮತ್ತು ನೋವು’ ಎಂದು ಕರೆದಿದ್ದ. ಆಮೇಲೆ ಅದಕ್ಕೆ ‘ವ್ಯಾಂಪೈರ್’ (ರಕ್ತ ಹೀರುವ ಪಿಶಾಚಿ) ಎಂಬ ಹೆಸರು ಅಂಟಿಕೊಂಡಿತು. ಆ ಹೆಸರು ಓದಿ ನೋಡಿದರೆ ಕೂದಲು ರಕ್ತವಾಗಿ ಹರಿಯುತ್ತದೆ, ಅಪ್ಪುಗೆಯ ಸಾಂತ್ವನ ಮಾಯವಾಗುತ್ತದೆ. ನಿಮ್ಮ ಚಿತ್ರಕ್ಕೆ ‘ತಾಯಿಯ ಸಂಕಟ’ ಎಂದು ಬರೆದರೂ ಅದೇ ಗತಿ. ‘ಮಡಿಲಕ್ಕಿ’ ಅನ್ನಿ, ಸಾಕು.