ಅತಿ ಹೆಚ್ಚು ಆಸ್ಕರ್ ಗೆದ್ದ ನಟಿ ಮೆರಿಲ್ ಸ್ಟ್ರೀಪ್ ಅಲ್ವಾ?

ಅಲ್ಲ. ಸ್ಟ್ರೀಪ್ ಹೆಸರು 21 ಸಲ ನಾಮಿನೇಷನ್ ಪಟ್ಟಿಗೆ ಬಂದಿದೆ, ಅದಕ್ಕೇ ಹಾಗನ್ನಿಸುತ್ತದೆ. ಗೆದ್ದಿರುವುದು 3. ನಟನೆಗೆ 4 ಆಸ್ಕರ್ ಪಡೆದವರು ಒಬ್ಬರೇ, ಕ್ಯಾಥರೀನ್ ಹೆಪ್‌ಬರ್ನ್. ನಾಲ್ಕೂ ನಾಯಕಿ ಪಾತ್ರಕ್ಕೇ ಬಂದವು. ಆಡ್ರೆ ಹೆಪ್‌ಬರ್ನ್ ಬೇರೆ, ಇವರು ಬೇರೆ.

ಮೊದಲನೆಯದು 1933ರ ಸಿನಿಮಾಕ್ಕೆ ಬಂತು, ಎರಡನೆಯದು 1967ರ ಸಿನಿಮಾಕ್ಕೆ. ನಡುವೆ 34 ವರ್ಷ! ಆ ನಡುವಿನ ಕಥೆ ನನಗೆ ತುಂಬಾ ಇಷ್ಟ.

ಹೆಪ್‌ಬರ್ನ್ ಹುಟ್ಟಿದ್ದು 1907ರಲ್ಲಿ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ. ಅಪ್ಪ ಡಾಕ್ಟರ್. ಅಮ್ಮ ಹೆಂಗಸರಿಗೆ ಓಟಿನ ಹಕ್ಕು ಬೇಕೆಂದು ಹೋರಾಡಿದವರು. ಅಂಥ ಮನೆಯಲ್ಲಿ ಬೆಳೆದ ಹುಡುಗಿ ಹಾಲಿವುಡ್‌ನಲ್ಲಿ ಪ್ಯಾಂಟ್ ಹಾಕಿಕೊಂಡೇ ಓಡಾಡಿದರು, ಪತ್ರಕರ್ತರನ್ನು ಓಲೈಸಲಿಲ್ಲ. ಮೊದಲ ಆಸ್ಕರ್ ಬೇಗನೇ ಬಂತು. ಆಮೇಲೆ ಸೋಲಿನ ಮೇಲೆ ಸೋಲು. 1938ರಲ್ಲಿ ಚಿತ್ರಮಂದಿರ ಮಾಲೀಕರ ಸಂಘವೊಂದು ಜಾಹೀರಾತು ಕೊಟ್ಟು, ಗಲ್ಲಾಪೆಟ್ಟಿಗೆಗೆ ವಿಷ ಎಂದು ಕೆಲವು ತಾರೆಯರನ್ನು ಹೆಸರಿಸಿತು. ಗ್ರೇಟಾ ಗಾರ್ಬೋ ಜೊತೆ ಇವರ ಹೆಸರೂ ಅದರಲ್ಲಿತ್ತು.

ಅವರು ಸುಮ್ನೆ ಕೂರಲಿಲ್ಲ. ತಾವೇ ದುಡ್ಡು ಕಟ್ಟಿ ಆರ್‌ಕೆಓ ಸ್ಟುಡಿಯೋದ ಒಪ್ಪಂದದಿಂದ ಹೊರಬಂದರು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ 'ದಿ ಫಿಲಡೆಲ್ಫಿಯಾ ಸ್ಟೋರಿ' ನಾಟಕ ಆಡಿದರು. ಜನ ಮುಗಿಬಿದ್ದು ನೋಡಿದರು. ಅದರ ಸಿನಿಮಾ ಹಕ್ಕನ್ನು ಗೆಳೆಯ ಹೋವರ್ಡ್ ಹ್ಯೂಸ್ ಕೊಂಡು ಅವರ ಕೈಗೆ ಕೊಟ್ಟಿದ್ದರು. ಈಗ ಎಂಜಿಎಂ ಸ್ಟುಡಿಯೋಗೆ ಆ ಕಥೆ ಬೇಕೆಂದರೆ ಹೆಪ್‌ಬರ್ನ್ ಹೇಳಿದಂತೆ ಕೇಳಬೇಕು. ನಾಯಕಿ ಅವರೇ, ನಿರ್ದೇಶಕರೂ ಅವರು ಆರಿಸಿದ ಜಾರ್ಜ್ ಕ್ಯೂಕರ್. 1940ರ ಆ ಸಿನಿಮಾ ಗೆದ್ದಿತು. ವಿಷ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಎರಡನೇ ಆಸ್ಕರ್ ತಂದ ಸಿನಿಮಾದಲ್ಲಿ ಜೊತೆಗಿದ್ದವರು ಸ್ಪೆನ್ಸರ್ ಟ್ರೇಸಿ. ಇಬ್ಬರೂ ಒಟ್ಟಿಗೆ ಮಾಡಿದ ಒಂಬತ್ತನೇ ಸಿನಿಮಾ ಅದು. ಟ್ರೇಸಿ ಆರೋಗ್ಯ ಎಷ್ಟು ಹದಗೆಟ್ಟಿತ್ತೆಂದರೆ ಯಾವ ವಿಮಾ ಕಂಪನಿಯೂ ಮುಂದೆ ಬರಲಿಲ್ಲ. ಹೆಪ್‌ಬರ್ನ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ತಮ್ಮ ಸಂಭಾವನೆಯನ್ನೇ ಜಾಮೀನಾಗಿ ಇಟ್ಟರು. ಶೂಟಿಂಗ್ ಮುಗಿದ ಕೆಲವೇ ದಿನಗಳಲ್ಲಿ ಟ್ರೇಸಿ ತೀರಿಕೊಂಡರು. ಆ ಸಿನಿಮಾವನ್ನು ಹೆಪ್‌ಬರ್ನ್ ಪೂರ್ತಿ ನೋಡಲೇ ಇಲ್ಲ.

ಮೂರನೆಯದು ಮರುವರ್ಷವೇ ಬಂತು, ಬಾರ್ಬ್ರಾ ಸ್ಟ್ರೈಸಂಡ್ ಜೊತೆ ಹಂಚಿಕೆಯಾಗಿ. ನಾಲ್ಕನೆಯದು 1981ರ 'ಆನ್ ಗೋಲ್ಡನ್ ಪಾಂಡ್'ಗೆ. ಆಗ ವಯಸ್ಸು ಎಪ್ಪತ್ತು ದಾಟಿತ್ತು.

ನಾಲ್ಕರಲ್ಲಿ ಒಂದನ್ನೂ ತೆಗೆದುಕೊಳ್ಳಲು ಅವರು ಸಮಾರಂಭಕ್ಕೆ ಹೋಗಲಿಲ್ಲ. ಆ ವೇದಿಕೆ ಹತ್ತಿದ್ದು ಒಂದೇ ಸಲ, 1974ರಲ್ಲಿ, ನಿರ್ಮಾಪಕ ಗೆಳೆಯ ಲಾರೆನ್ಸ್ ವೈನ್‌ಗಾರ್ಟನ್‌ಗೆ ಗೌರವ ಪ್ರಶಸ್ತಿ ಕೊಡಲು. ಅವತ್ತೂ ಹಾಕಿಕೊಂಡಿದ್ದು ಪ್ಯಾಂಟ್.