ಗುರಿ ಎಲ್ಲಿಗಿತ್ತು?

ಹಿರೋಷಿಮಾದ ಚರ್ಚೆ ‘ಬಾಂಬ್ ಹಾಕಬೇಕಿತ್ತೇ, ಬೇಡವಿತ್ತೇ’ ಎಂಬಲ್ಲೇ ಗಿರಕಿ ಹೊಡೆಯುತ್ತದೆ. 1945ರ ನವೆಂಬರ್ 1ಕ್ಕೆ ನಿಗದಿಯಾಗಿದ್ದ, ಜಪಾನಿನ ಕ್ಯೂಶು ದ್ವೀಪದ ಮೇಲಿನ ಅಮೆರಿಕದ ದಾಳಿಯಲ್ಲಿ ಎಷ್ಟು ಸೈನಿಕರು ಸಾಯುತ್ತಿದ್ದರು ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಆಗಸ್ಟ್ 9ರಂದು ಸೋವಿಯತ್ ಸೇನೆ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿದ್ದೇ ಜಪಾನಿನ ಶರಣಾಗತಿಗೆ ಸಾಕಿತ್ತು ಎನ್ನುತ್ತಾರೆ ಉಳಿದವರು. ನಡೆಯದೇ ಹೋದದ್ದನ್ನು ಸಾಬೀತು ಮಾಡುವುದು ಹೇಗೆ? ಗುರಿ ಎಲ್ಲಿಗಿಟ್ಟರು, ಎಷ್ಟು ಎತ್ತರದಲ್ಲಿ ಸಿಡಿಸಿದರು ಎಂಬುದಕ್ಕಾದರೆ ಕಡತಗಳಿವೆ.

ಅಮೆರಿಕದ ಗುರಿ ಆಯ್ಕೆ ಸಮಿತಿ ಮೇ 10 ಮತ್ತು 11ರಂದು, ಬಾಂಬ್ ರೂಪಿಸಿದ ಪ್ರಯೋಗಾಲಯವಿದ್ದ ಲಾಸ್ ಅಲಾಮೋಸ್‌ನಲ್ಲಿ ಸೇರಿತ್ತು. ಅದಕ್ಕೆ ಬೇಕಾಗಿದ್ದುದು ಮೂರು ಮೈಲಿಗಿಂತ ಅಗಲವಾದ, ಆಗಸ್ಟ್‌ವರೆಗೆ ಬೇರೆ ದಾಳಿಗೆ ಸಿಗದೆ ಉಳಿಯಬಹುದಾದ ಊರು. ಹಿರೋಷಿಮಾದಲ್ಲಿ ಸೇನೆಯ ಡಿಪೋ, ಬಂದರು ಇದ್ದದ್ದು ನಿಜ. ಅದರ ಜೊತೆಗೇ, ಪಕ್ಕದ ಗುಡ್ಡಗಳಿಂದ ಸ್ಫೋಟದ ಹಾನಿ ಇನ್ನೂ ಹೆಚ್ಚೀತು ಎಂದೂ ನಡಾವಳಿಯಲ್ಲಿ ಬರೆದಿದ್ದಾರೆ.

ಸುಮಾರು 64 ಕೆ.ಜಿ. ಯುರೇನಿಯಂ ಇದ್ದ ಬಾಂಬ್ ನೆಲದಿಂದ ಸುಮಾರು 580 ಮೀಟರ್ ಮೇಲೆ ಸಿಡಿಯಿತು. ಕಾಂಕ್ರೀಟ್ ಬಂಕರ್ ಒಡೆಯಬೇಕಿದ್ದರೆ ಇನ್ನೂ ಕೆಳಗೆ ಸಿಡಿಸಬೇಕಿತ್ತು. ಈ ಎತ್ತರದಲ್ಲಿ ಸ್ಫೋಟದಿಂದ ನೇರವಾಗಿ ಬರುವ ಒತ್ತಡದ ಅಲೆಯೂ ನೆಲಕ್ಕೆ ಬಡಿದು ಪುಟಿಯುವ ಅಲೆಯೂ ಒಂದಾಗಿ, ಮಧ್ಯಮ ಒತ್ತಡ ಬಹುದೂರ ಹಬ್ಬುತ್ತದೆ. ಮರದ ಮನೆ ಕೆಡವಲು ಅಷ್ಟು ಸಾಕು. ಎತ್ತರ ಗೊತ್ತುಮಾಡಿದವರ ಕಣ್ಣು ಯಾವ ಕಟ್ಟಡಗಳ ಮೇಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಮಾನದವರು ಗುರಿಯಿಟ್ಟದ್ದು ನಟ್ಟನಡುವಿನ ಐಒಯಿ ಸೇತುವೆಗೆ. ಹತ್ತಿರದ ಕೋಟೆಯ ಸೇನಾ ಕಚೇರಿಗಳೂ ಹಾಳಾದವು. ಆದರೆ ಯುದ್ಧಾನಂತರದ ಅಮೆರಿಕದ್ದೇ ಬಾಂಬ್ ದಾಳಿ ಸಮೀಕ್ಷೆಯ ಪ್ರಕಾರ, ಊರಂಚಿನ ದೊಡ್ಡ ಕಾರ್ಖಾನೆಗಳಿಗೆ ಹೆಚ್ಚುಕಡಿಮೆ ಏನೂ ಆಗಲಿಲ್ಲ. ನಗರದ ಉತ್ಪಾದನೆಯಲ್ಲಿ ಶೇ. 74 ಅವುಗಳದ್ದೇ. ಎರಡೇ ದಿನಕ್ಕೆ ರೈಲು ಮತ್ತೆ ಊರು ದಾಟಿ ಓಡಿತು. ವರ್ಷಾಂತ್ಯದ ಹೊತ್ತಿಗೆ ಸತ್ತವರು ಸುಮಾರು 1,40,000.

ಮಾರ್ಚ್‌ನಲ್ಲಿ ಟೋಕಿಯೊವನ್ನು ಬೆಂಕಿ ಬಾಂಬ್‌ಗಳಿಂದ ಸುಟ್ಟಾಗ ಒಂದೇ ರಾತ್ರಿಗೆ ಲಕ್ಷದಷ್ಟು ಜನ ಸತ್ತಿರಲಿಲ್ಲವೇ ಎಂಬ ವಾದವಿದೆ. ಸತ್ತಿದ್ದರು. ಅದು ಹಿರೋಷಿಮಾಕ್ಕೆ ಸಮರ್ಥನೆಯಲ್ಲ, ಟೋಕಿಯೊ ಮೇಲಿನ ಆರೋಪ.

ಸೈನಿಕರೇ ಗುರಿ, ಹೆಂಗಸರು ಮಕ್ಕಳಲ್ಲ ಎಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಜುಲೈ 25ರ ದಿನಚರಿಯಲ್ಲಿ ಬರೆದುಕೊಂಡರು. ಅದೇ ದಿನಾಂಕದ ಸೇನಾ ಆದೇಶದಲ್ಲಿ ಹಿರೋಷಿಮಾ, ಕೊಕುರಾ, ನಿಗಾಟಾ, ನಾಗಸಾಕಿ ಎಂದು ನಾಲ್ಕು ಊರುಗಳ ಹೆಸರಿತ್ತು. ಉಳಿದ ಬಾಂಬ್‌ಗಳನ್ನು ಸಿದ್ಧವಾದಂತೆಲ್ಲ ಹಾಕಿ ಎಂದೂ ಇತ್ತು, ಪ್ರತಿಸಲ ಅಧ್ಯಕ್ಷರನ್ನು ಕೇಳಬೇಕಿರಲಿಲ್ಲ. ಅವರ ಸ್ಪಷ್ಟ ಅಪ್ಪಣೆಯಿಲ್ಲದೆ ಇನ್ನೊಂದು ಬೀಳಕೂಡದು ಎಂಬ ಷರತ್ತು ಬಂದದ್ದು ಆಗಸ್ಟ್ 10ರಂದು, ನಾಗಸಾಕಿಯ ಮರುದಿನ.