ಬಿಸಿಲಿಗೆ ಅಂಜದ ವಂಡಾ

ಆರ್ಕಿಡ್ ಅಂದರೆ ಮಲೆನಾಡು, ಮಳೆ, ಮಂಜು ಅಂತಲೇ ನಮ್ಮ ಲೆಕ್ಕ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಚಿತ್ರದುರ್ಗದ ಕಡೆಯವರು ಅದರ ಆಸೆಯನ್ನೇ ಬಿಟ್ಟಿರುತ್ತಾರೆ. ಆದರೆ ವಂಡಾ ಟೆಸೆಲೇಟಾ ಎಂಬ ಆರ್ಕಿಡ್ ಒಣಹವೆಗೆ ಒಗ್ಗಿದ ಗಿಡ. ಭಾರತ, ಶ್ರೀಲಂಕಾ, ಮ್ಯಾನ್ಮಾರ್‌ಗಳ ಎಲೆ ಉದುರುವ ಕಾಡುಗಳಲ್ಲಿ, ಹಳೆ ಮಾವಿನ ಮರಗಳಲ್ಲಿ ಇದರ ವಾಸ. ಹಳದಿ-ಹಸಿರು ಎಸಳಿನ ಮೇಲೆ ಕಂದು ಚೌಕಳಿ, ಮುಂದಕ್ಕೆ ಚಾಚಿದ, ತುಟಿಯಂಥ ನೇರಳೆ ಎಸಳು. ಪರಿಮಳವೂ ಉಂಟು.

ಮರದ ಮೇಲಿದ್ದರೂ ಇದು ಬಂದಳಿಕೆಯಲ್ಲ. ಮರದ ರಸ ಹೀರುವುದಿಲ್ಲ, ಸುಮ್ನೆ ಅಂಟಿಕೊಂಡಿರುತ್ತದೆ ಅಷ್ಟೆ. ದಪ್ಪ ಬೇರುಗಳಿಗೆ ಸತ್ತ ಕೋಶಗಳ ಬಿಳಿ ಹೊದಿಕೆ ಇದೆ. ಮಳೆ ಬಿದ್ದೊಡನೆ ಅದು ನೀರು ಹೀರಿ ಹಿಡಿದಿಡುತ್ತದೆ. ಎಲೆಗಳು ಇನ್ನೂ ಜಾಣ. ಸುಡುವ ಹಗಲಿನಲ್ಲಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು, ಬೆಳಕಾದ ಮೇಲೆ ಸಕ್ಕರೆ ಮಾಡುತ್ತವೆ. ಪಾಪಾಸುಕಳ್ಳಿಯದೂ ಇದೇ ಉಪಾಯ.

ಇಷ್ಟು ಗಟ್ಟಿ ಗಿಡಕ್ಕೂ ಸಂತಾನದ ವಿಷಯದಲ್ಲಿ ಮಾತ್ರ ಭಾರೀ ಕಷ್ಟ. ಕಾಯಿ ತುಂಬ ಧೂಳಿನಂಥ ಬೀಜಗಳಿದ್ದರೂ ಒಂದಕ್ಕೂ ಬುತ್ತಿ ಕಟ್ಟಿರುವುದಿಲ್ಲ. ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದರಷ್ಟೇ ಮೊಳಕೆ. ಆರ್ಕಿಡ್ ಬೀಜಗಳ ಈ ನಂಟನ್ನು 1899ರಲ್ಲಿ ಪತ್ತೆಮಾಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್ಡ್. ಹಾಗಾಗಿ ಹಳೆ ಮರ ಕಡಿದು ಅದೇ ಜಾಗದಲ್ಲಿ ಸಸಿ ನೆಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಇದರ ಜೊತೆಗೆ ಔಷಧಿಗೆಂದು ಬುಡಸಮೇತ ಕೀಳುವವರ ಕಾಟ. ಹಲವು ಕಡೆ ಇದು ಅಪರೂಪವಾಗುತ್ತಿರುವುದಕ್ಕೆ ಬರಗಾಲಕ್ಕಿಂತ ನಮ್ಮ ಕೈಯೇ ಜಾಸ್ತಿ ಕಾರಣ ಅನ್ನುವುದು ನನ್ನ ಅನಿಸಿಕೆ.

ಮನೆಯಲ್ಲಿ ಬೆಳೆಸುವ ಆಸೆ ತಪ್ಪಲ್ಲ. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ ಲೋಳೆ) ಮೇಲೆ ಆರ್ಕಿಡ್ ಬೀಜ ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿದ್ದಾರೆ. ಲ್ಯಾಬಿನಲ್ಲಿ ಹೀಗೆ ಬೆಳೆದ ಸಸಿಯನ್ನೇ ಕೇಳಿ ಕೊಂಡುಕೊಳ್ಳಿ. ಮಣ್ಣಿನ ಕುಂಡ ಬೇಡ, ಬೇರು ಕೊಳೆಯುತ್ತದೆ. ಮರದ ತುಂಡಿಗೆ ಕಟ್ಟಿ, ಇಲ್ಲವೇ ಇದ್ದಿಲು ತುಂಬಿದ ಬುಟ್ಟಿಯಲ್ಲಿಟ್ಟು, ಗಾಳಿಯಾಡುವ ಕಡೆ ತೂಗುಹಾಕಿ. ಬೆಳಗಿನ ಬಿಸಿಲು ಚೆನ್ನಾಗಿ ಬೀಳಲಿ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನಕ್ಕೆ ಮಾತ್ರ ನೆರಳು ಬಲೆ ಬೇಕು. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಚಿಮುಕಿಸಿ. ಅದು ಮತ್ತೆ ಬೆಳ್ಳಗಾಗುವ ತನಕ ಇನ್ನೊಂದು ಸಲ ಹಾಕಬೇಡಿ.